ಟೈಪಿಂಗ್ ಮೇಡಂ ಅವರ ಸಿಂಥಸೈಜರ್

ಕಳೆದ ಭಾನುವಾರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ ಕೂತಿದ್ದೆ. ಬಹಳ ದಿನಗಳಿಂದ ಹಳೆಯ ಸೀರೆ ಹೊದಿಸಿ ಮೂಲೆಗೆ ಸರಿಸಿದ್ದ ಯಂತ್ರ. ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಾಗ ಎಣ್ಣೆ ಒಳಗಿಳಿದು, ಹಳೆಯ ಜಿಡ್ಡಿನೊಂದಿಗೆ ಬೆರೆತು, ಒಂದು ವಾಸನೆ ಎದ್ದಿತು. ಮೈಸೂರಿನ ಶಿವರಾಂಪೇಟೆಯಲ್ಲಿ ಪಾತ್ರೆ ಅಂಗಡಿಯೊಂದರ ಮಹಡಿಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ವಾಸನೆ ಅದು. ಎಣ್ಣೆ ಡಬ್ಬಿ ಹಿಡಿದುಕೊಂಡು ಹಾಗೇ ಕೂತೆ. ನಮ್ಮ ಟೈಪಿಂಗ್ ಮೇಡಂ ನೆನಪಾದರು.

ಆಗ ನಾನು ಬಿ.ಕಾಂ. ಓದುತ್ತಿದ್ದೆ. ಎಂಬತ್ತರ ದಶಕ. ಕೆಲಸ ಸಿಗಬೇಕಾದರೆ ಟೈಪಿಂಗ್ ಪಾಸಾಗಿರಬೇಕು ಎಂಬುದು ಎಲ್ಲರ ಮನೆಯ ಮಾತು. ಕಾಲೇಜು ಮುಗಿಸಿಕೊಂಡು ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಮೇಡಂ ಬಾಗಿಲ ಬಳಿಯೇ ನಿಂತಿರುತ್ತಿದ್ದರು. ಸಣ್ಣ ಆಳು, ನೆಟ್ಟಗಿನ ಬೆನ್ನು, ಗಂಜಿ ಹಾಕಿದ ಹತ್ತಿ ಸೀರೆ. ಮದುವೆಯಾಗಿರಲಿಲ್ಲ. ಅವರ ತಂದೆ ವೀಣೆಯ ವಿದ್ವಾಂಸರು, ತಾತನ ಕಾಲದಿಂದ ಅರಮನೆಯಲ್ಲಿ ನುಡಿಸಿದ ಮನೆತನ. ಮೇಡಂ ಕೂಡ ಚಿಕ್ಕಂದಿನಲ್ಲಿ ವೀಣೆ ಕಲಿತವರೇ. ಆದರೆ ಒಂದು ದಿನ ಪಾಠದ ನಡುವೆ ತಂದೆ, "ನಿನ್ನ ಕೈಯಲ್ಲಿ ಲೆಕ್ಕ ಇದೆ, ಭಾವ ಇಲ್ಲ" ಅಂದರಂತೆ. ಅವತ್ತು ಕೆಳಗಿಟ್ಟ ವೀಣೆಯನ್ನು ಮೇಡಂ ಮತ್ತೆ ಮುಟ್ಟಲಿಲ್ಲ. ಇದನ್ನು ನಮಗೆ ಹೇಳುವಾಗ ಅವರು ನಗುತ್ತಿದ್ದರು. ನಗುವಾಗಲೂ ಬೆರಳುಗಳು ಮೇಜಿನ ಅಂಚಿನ ಮೇಲೆ ಏನನ್ನೋ ಬಾರಿಸುತ್ತಿದ್ದವು...

ಬೆರಳುಗಳು ಒಂದೇ ಲಯದಲ್ಲಿ ಬೀಳಲಿ ಎಂದು ಇನ್‌ಸ್ಟಿಟ್ಯೂಟಿನಲ್ಲಿ ಟೇಪ್ ರೆಕಾರ್ಡರ್ ಹಾಕುವ ಪದ್ಧತಿಯಿತ್ತು. ಹಾಡಿನ ತಾಳಕ್ಕೆ ಸರಿಯಾಗಿ ನಾವು ಎ ಎಸ್ ಡಿ ಎಫ್ ಹೊಡೆಯಬೇಕು. ಓದಲೆಂದು ಇರಾನಿನಿಂದ ಮೈಸೂರಿಗೆ ಬಂದಿದ್ದ ಒಬ್ಬ ವಿದ್ಯಾರ್ಥಿ ನಮ್ಮಲ್ಲಿ ಟೈಪಿಂಗ್ ಕಲಿಯುತ್ತಿದ್ದ. ಊರಿಗೆ ಹೊರಡುವಾಗ ಮೇಡಂಗೆ ಒಂದು ಕ್ಯಾಸೆಟ್ ಕೊಟ್ಟು ಹೋದ. ಇಂಗ್ಲೆಂಡಿನ ಒಂದು ಬ್ಯಾಂಡಿನದು. ಗಿಟಾರ್ ಇಲ್ಲ, ತಬಲಾ ಡ್ರಮ್ಮು ಯಾವುದೂ ಇಲ್ಲ, ಎಲ್ಲ ಕರೆಂಟಿನ ವಾದ್ಯವಾದ ಸಿಂಥಸೈಜರ್‌ನಿಂದಲೇ ಹೊರಟ ಸದ್ದು. ಎಲ್ಲೂ ಕದಲದೆ ನಡೆಯುವ ತಾಳ, ಅದರ ಮೇಲೆ ಗಾಜಿನ ಬಳೆಗಳು ಒಂದಕ್ಕೊಂದು ತಾಗಿದಂಥ ಸ್ವರ, ಅಡಿಯಲ್ಲಿ ದೂರದ ರೈಲಿನಂಥ ಮೊರೆತ. ಮೇಡಂ ಅದನ್ನು ಮೊದಲ ಸಲ ಹಾಕಿದ ದಿನ ನಾವೆಲ್ಲ ಟೈಪ್ ಮಾಡುತ್ತಿದ್ದೆವು, ಅವರು ಮಾತ್ರ ಕಿಟಕಿಯ ಕಡೆ ತಿರುಗಿ ನಿಂತರು. ಕ್ಯಾಸೆಟ್ಟಿನ ಒಂದು ಬದಿ ಮುಗಿದು ಟಕ್ಕೆಂದು ನಿಂತ ಮೇಲೂ ತಿರುಗಲಿಲ್ಲ.

ಕ್ಲಾಸು ಮುಗಿದ ಮೇಲೆ ಉಳಿದವರು ನಾನು ಮತ್ತು ನಸೀಮಾ. ನಸೀಮಾ ಉದಯಗಿರಿಯಿಂದ ಬರುತ್ತಿದ್ದಳು. ಅವಳ ತಂದೆಗೆ ಸ್ಕೂಟರ್ ಗ್ಯಾರೇಜು, ಅಣ್ಣನಿಗೆ ರೇಡಿಯೋ ರಿಪೇರಿ ಅಂಗಡಿ. ಮೇಡಂ ಕ್ಯಾಸೆಟ್ ಹಿಂದಕ್ಕೆ ಸುತ್ತಿ ನಮ್ಮಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಯಂತ್ರಕ್ಕೆ ಭಾವ ಇಲ್ಲ ಅಂತಾರಲ್ಲ, ಈ ಸ್ವರ ಕೇಳ್ರೇ. ಅಳ್ತಾ ಇಲ್ವಾ ಇದು?"

ಅವತ್ತಿನಿಂದ ನಾವು ಮೂವರೂ ಆ ಬ್ಯಾಂಡಿನ ಅಭಿಮಾನಿಗಳಾದೆವು. ಮೈಸೂರಿನಲ್ಲಿ ಬೇರೆ ಅಭಿಮಾನಿಗಳಿದ್ದರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ದೊಡ್ಡ ಗಡಿಯಾರದ ಹತ್ತಿರ ಹಳೆಯ ಪುಸ್ತಕ ಮಾರುವವನಲ್ಲಿ ವಿದೇಶಿ ಪತ್ರಿಕೆಗಳನ್ನು ಕೆದಕುತ್ತಿದ್ದೆವು. ಒಮ್ಮೆ ನಸೀಮಾಗೆ ಅವರ ಚಿತ್ರ ಸಿಕ್ಕಿತು. ಉದ್ದ ಕೋಟು ತೊಟ್ಟ ಬಿಳಿಚಿದ ಹುಡುಗರು, ಅವರ ಮುಂದೆ ಸಾಲಾಗಿ ಸಿಂಥಸೈಜರ್‌ಗಳು. ಮೇಡಂ ಆ ಪುಟ ಕತ್ತರಿಸಿ ಟೈಪಿಂಗ್ ಚಾರ್ಟಿನ ಪಕ್ಕದಲ್ಲೇ ಅಂಟಿಸಿದರು. ನಾವಿಬ್ಬರೂ ಹುಡುಗರ ಮುಖ ನೋಡುತ್ತಿದ್ದರೆ ಅವರು ಕನ್ನಡಕ ಸರಿಮಾಡಿಕೊಂಡು ಯಂತ್ರದ ಗುಂಡಿಗಳನ್ನೇ ನೋಡುತ್ತಿದ್ದರು.

ಮದುವೆ ಮನೆಗಳಲ್ಲಿ ನುಡಿಸುವ ಆರ್ಕೆಸ್ಟ್ರಾದವನೊಬ್ಬ ಹೊಸ ಕೀಬೋರ್ಡ್ ತಂದಾಗ ಅವನ ಹಳೆಯ ಸಿಂಥಸೈಜರ್ ಮೇಡಂ ಕೈಗೆ ಬಂತು. ಅದರ ಕೆಲವು ಕೀಗಳು ಮೂಕವಾಗಿದ್ದವು. ನಸೀಮಾಳ ಅಣ್ಣ ಅದನ್ನು ಬಿಚ್ಚಿ ಬೆಸುಗೆ ಹಾಕಿ ಸರಿಮಾಡಿದ. ಸ್ವಿಚ್ ಹಾಕಿದ ಕೂಡಲೇ ಅದರ ಶ್ರುತಿ ನಿಲ್ಲುತ್ತಿರಲಿಲ್ಲ, ಬಿಸಿಯಾಗುವವರೆಗೆ ಕಾಯಬೇಕಿತ್ತು. ಮೇಡಂ ಅದರ ಮೇಲೆ ಅಂಗೈ ಇಟ್ಟುಕೊಂಡು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ, ಕಾಯುತ್ತಿದ್ದರು. ಆಮೇಲೆ ಒಂದೊಂದೇ ಗುಂಡಿ ತಿರುಗಿಸಿ ಆ ಬ್ಯಾಂಡಿನ ಗಾಜಿನ ಬಳೆಯ ಸ್ವರವನ್ನು ಹುಡುಕುವರು. ಅದು ಸಿಕ್ಕಿದ ಸಂಜೆ ಕೆಳಗಿನ ಅಂಗಡಿಯಿಂದ ಮೂವರಿಗೂ ಬಾದಾಮಿ ಹಾಲು ತರಿಸಿದ್ದರು.

ಮೇಡಂ ಮನೆಯಲ್ಲಿ ಅವರ ತಂದೆ, ವಿದ್ವಾಂಸರು, ಬೇಸರದಲ್ಲಿದ್ದರು. "ಇದು ನಾದ ಅಲ್ಲ, ಬರೀ ಕರೆಂಟು" ಎಂದು ಹೇಳಿ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

ಆ ವರ್ಷ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ, ಆರ್ಕೆಸ್ಟ್ರಾ ಶುರುವಾಗುವ ಮೊದಲು, ನಮಗೆ ಒಂದು ಹಾಡಿನ ಅವಕಾಶ ಸಿಕ್ಕಿತು. ತಾಳವನ್ನು ಮೊದಲೇ ಕ್ಯಾಸೆಟ್ಟಿಗೆ ತುಂಬಿದ್ದೆವು. ಅದನ್ನು ನಡೆಸುವುದು ನಸೀಮಾಳ ಕೆಲಸ, ಮೇಡಂ ಕಣ್ಣಿನಲ್ಲಿ ಸನ್ನೆ ಮಾಡಿದಾಗ ಒಂದು ಗುಂಡಿ ತಿರುಗಿಸುವುದು ನನ್ನದು. ಜನ ಸಿನಿಮಾ ಹಾಡಿಗೆ ಕಾದಿದ್ದರು. ಕೆಲವರು ಮಾತಾಡಿಕೊಂಡಿದ್ದರು, ಮಕ್ಕಳು ಕುರ್ಚಿ ಎಳೆದಾಡುತ್ತಿದ್ದವು. ಮುಂದಿನ ಸಾಲಿನಲ್ಲಿ ಶಲ್ಯ ಹೊದ್ದು ವಿದ್ವಾಂಸರು ಬಂದು ಕೂತಿದ್ದನ್ನು ಮೇಡಂ ನುಡಿಸಲು ಶುರು ಮಾಡಿದ ಮೇಲೆ ನೋಡಿದರು. ಕೈ ತಪ್ಪುತ್ತದೆ ಎಂದುಕೊಂಡೆ. ತಪ್ಪಲಿಲ್ಲ. ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಚಪ್ಪಾಳೆ. ವಿದ್ವಾಂಸರು ವೇದಿಕೆಯ ಪಕ್ಕಕ್ಕೆ ಬಂದು, ಮಗಳ ಮುಖ ನೋಡದೆ, "ಶ್ರುತಿ ಸರಿಯಾಗಿತ್ತು" ಅಂದು ಮನೆಗೆ ಹೊರಟರು.

ಮೇಡಂ ಆ ಮಾತನ್ನು ಎಷ್ಟೋ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಬೇರೆ ಏನೋ ಮಾತಾಡುತ್ತಿರುವಾಗ ಇದ್ದಕ್ಕಿದ್ದಂತೆ, "ಅಪ್ಪ ಹಾಗಂದ್ರಲ್ಲ ಕಣೇ" ಎನ್ನುತ್ತಿದ್ದರು.

ಆಮೇಲೆ ಬದುಕು ನಮ್ಮನ್ನು ಒಂದೊಂದು ಕಡೆಗೆ ಎಳೆಯಿತು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಊರೂರಿಗೆ ವರ್ಗವಾಯಿತು. ನಸೀಮಾ ಮದುವೆಯಾಗಿ ಉದಯಗಿರಿಯಲ್ಲೇ ಉಳಿದಳು. ಬ್ಯಾಂಡೂ ಒಡೆದುಹೋಯಿತು ಎಂದು ಪತ್ರಿಕೆಯ ಮೂಲೆಯಲ್ಲಿ ಓದಿದೆವು. ಕಂಪ್ಯೂಟರ್ ಬಂದು ಇನ್‌ಸ್ಟಿಟ್ಯೂಟ್ ಮುಚ್ಚಿತು. ವಿದ್ವಾಂಸರು ತೀರಿಕೊಂಡರು. ಮೇಡಂ ಅಶೋಕಪುರಂ ಕಡೆಯ ಒಂದು ಬಾಡಿಗೆ ಮನೆಗೆ ಹೋದರು, ಸಿಂಥಸೈಜರ್ ಜೊತೆ.

ನಾನು ನಿವೃತ್ತಳಾಗಿ ಮೈಸೂರಿಗೆ ಮರಳಿದಾಗ ಅವರಿಗೆ ಎಪ್ಪತ್ತರ ಹತ್ತಿರ. ಹಳೆಯ ಬ್ಯಾಂಡಿನ ಅಭಿಮಾನಿಗಳು ಇಂಟರ್‌ನೆಟ್ಟಿನಲ್ಲಿ ಗುಂಪು ಕಟ್ಟಿಕೊಂಡಿರುವುದನ್ನು ನಾನೇ ತೋರಿಸಿಕೊಟ್ಟೆ. ಅವರು ಪರದೆಯ ಹತ್ತಿರ ಮುಖ ತಂದು ಓದಿದರು. ಯಾವ ಹಾಡಿಗೆ ಯಾವ ಸಿಂಥಸೈಜರ್, ಆ ಸ್ವರ ಹೇಗೆ ಬಂತು ಎಂದು ಜಗತ್ತಿನ ಮೂಲೆಮೂಲೆಯವರು ವಾದ ಮಾಡುತ್ತಿದ್ದರು.

"ಇಷ್ಟು ಜನ ಇದ್ರಾ?" ಅಂದರು. "ನಾವು ಮೂರೇ ಜನ ಅಂದ್ಕೊಂಡಿದ್ವಲ್ಲೇ."

ಅಲ್ಲಿಂದ ಅವರು ಬದುಕಿದ್ದೇ ಆ ಗುಂಪಿನಲ್ಲಿ. ಹತ್ತೂ ಬೆರಳಲ್ಲಿ ಪಟಪಟನೆ ಟೈಪ್ ಮಾಡಿ ಉತ್ತರ ಬರೆಯುತ್ತಿದ್ದರು. ಇಂಗ್ಲೆಂಡಿನವನೊಬ್ಬ ಇವರಿಗೆ ತನ್ನ ಮನೆಯ ಬೆಕ್ಕಿನ ಚಿತ್ರ ಕಳಿಸುವಷ್ಟು ಸ್ನೇಹವಾಯಿತು. ಅಭಿಮಾನಿಗಳೆಲ್ಲ ಸೇರಿ, ತಮ್ಮತಮ್ಮ ಮನೆಯಿಂದಲೇ, ಹಳೆಯ ಸಿಂಥಸೈಜರ್‌ಗಳಲ್ಲಿ ನುಡಿಸುವ ಒಂದು ಕೂಟ ಮಾಡೋಣ ಎಂದು ನಿಶ್ಚಯಿಸಿದರು. ಮೇಡಂಗೆ ಹೇಳಿದ್ದು, ನಿಮ್ಮದೇ ಒಂದು ರಚನೆ ನುಡಿಸಿ ಎಂದು. ಅವರು ಎಳೆಯ ಹುಡುಗಿಯ ಹಾಗೆ ಕಂಗಾಲಾದರು. ಆಮೇಲೆ ಕೂತು ಕೂತು ಒಂದು ಪುಟ್ಟ ಹಾಡು ಕಟ್ಟಿದರು. ರೆಕಾರ್ಡ್ ಮಾಡಲು ಹೋದರೆ ಬಿಡುತ್ತಿರಲಿಲ್ಲ. "ಇರು, ಪೂರ್ತಿ ಆಗ್ಲಿ" ಎನ್ನುತ್ತಿದ್ದರು.

ಕೂಟಕ್ಕೆ ಇನ್ನು ಕೆಲವೇ ದಿನ ಇರುವಾಗ ಅವರಿಗೆ ಸ್ಟ್ರೋಕ್ ಆಯಿತು.

ಆಸ್ಪತ್ರೆಯಲ್ಲಿ ಎಲ್ಲರೂ ಅದೃಷ್ಟ ಎಂದರು. ಕೈಕಾಲು ಆಡುತ್ತಿತ್ತು, ಮಾತು ಸ್ಪಷ್ಟವಾಗಿತ್ತು, ನಮ್ಮನ್ನೆಲ್ಲ ಗುರುತಿಸಿದರು. ಮನೆಗೆ ಕರೆತಂದ ದಿನ ದಿಂಬಿಗೆ ಒರಗಿ ಕೂತು, "ಹಾಡು ಹಾಕೇ" ಅಂದರು. ನಾನು ಫೋನಿನಲ್ಲಿ ಆ ಮೊದಲ ಕ್ಯಾಸೆಟ್ಟಿನ ಹಾಡನ್ನೇ ಹಾಕಿದೆ. ಅವರು ಸ್ವಲ್ಪ ಹೊತ್ತು ಕೇಳಿ ಮುಖ ಸಿಂಡರಿಸಿದರು.

"ಸ್ಪೀಕರ್ ಹಾಳಾಗಿದೆಯೇನೇ?"

"ಇಲ್ಲ ಮೇಡಂ, ಚೆನ್ನಾಗೇ ಬರ್ತಿದೆ."

"ಏನೋ ತಗಡು ಕುಟ್ಟಿದ ಹಾಗಿದೆ. ಆಫ್ ಮಾಡು."

ಬೀದಿಯಲ್ಲಿ ಆಟೋ ಹಾರ್ನ್ ಕೇಳಿಸುತ್ತಿತ್ತು ಅವರಿಗೆ. ಕುಕ್ಕರಿನ ಸೀಟಿ, ನನ್ನ ಮಾತು, ಎಲ್ಲ ಸರಿಯಾಗಿಯೇ ಕೇಳಿಸುತ್ತಿತ್ತು. ಹಾಡು ಮಾತ್ರ ಹಾಡಾಗಿ ಕೇಳಿಸುತ್ತಿರಲಿಲ್ಲ. ಡಾಕ್ಟರು, ಮಿದುಳಿನಲ್ಲಿ ಸಂಗೀತ ಗ್ರಹಿಸುವ ಭಾಗಕ್ಕೆ ಪೆಟ್ಟು ಬಿದ್ದಿದೆ, ಕೆಲವರಿಗೆ ವಾಪಸ್ಸು ಬರುವುದುಂಟು, ಕಾಯೋಣ ಎಂದರು. ಕಾದೆವು. ಒಂದು ಮಧ್ಯಾಹ್ನ ಮೇಡಂ ವಿದ್ವಾಂಸರ ಹಳೆಯ ವೀಣಾವಾದನದ ಕ್ಯಾಸೆಟ್ ಹಾಕಿಸಿಕೊಂಡರು. ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು.

"ಇದು ಅಪ್ಪ ಅಂತ ನೀನು ಹೇಳ್ಬೇಕು," ಅಂದರು. "ನನಗೆ ಗೊತ್ತಾಗ್ತಾ ಇಲ್ಲ."

ಅಭಿಮಾನಿಗಳ ಕೂಟ ಅವರಿಲ್ಲದೆ ನಡೆದುಹೋಯಿತು. ಬೇಗ ಗುಣವಾಗಲಿ ಎಂದು ಬಹಳ ಜನ ಬರೆದಿದ್ದರು. ನಾನು ಓದಿ ಹೇಳಲು ಹೋದರೆ ಗೋಡೆಯ ಕಡೆ ತಿರುಗಿದರು. "ಏನಂತ ಉತ್ತರ ಬರೀಲಿ? ಹಾಡೇ ಕೇಳಿಸದವಳು ಯಾವ ಅಭಿಮಾನಿ?"

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ದಿನ ನಸೀಮಾ ಊಟ ಕಟ್ಟಿಸಿಕೊಂಡು ಬಂದಿದ್ದಳು. ಊಟವಾದ ಮೇಲೆ ಮೇಡಂ ತಾವೇ ಎದ್ದು ಹೋಗಿ ಸಿಂಥಸೈಜರ್ ಆನ್ ಮಾಡಿದರು. ಬಿಸಿಯಾಗುವವರೆಗೆ ಕಾದರು. ಆಮೇಲೆ ತಾವು ಕಟ್ಟಿದ್ದ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಎಲ್ಲೂ ತಡವರಿಸಲಿಲ್ಲ, ಬೆರಳುಗಳಿಗೆ ಎಲ್ಲ ನೆನಪಿತ್ತು. ಅಷ್ಟು ಸೊಗಸಾದ, ಅಷ್ಟು ದಿಕ್ಕೆಟ್ಟ ಸ್ವರಗಳನ್ನು ನಾನು ಆ ಇಂಗ್ಲೆಂಡಿನವರಲ್ಲೂ ಕೇಳಿರಲಿಲ್ಲ. ನಸೀಮಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಮೇಡಂ ನಮ್ಮ ಕಡೆ ತಿರುಗಿದರು. "ಸರಿಯಾಗಿತ್ತಾ?"

"ತುಂಬಾ ಸರಿಯಾಗಿತ್ತು ಮೇಡಂ," ಅಂದಳು ನಸೀಮಾ.

"ಹೌದಾ..." ಎಂದರು. ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡು ಕೂತರು. ಬಗ್ಗಿ ಪ್ಲಗ್ ಕಿತ್ತು ವೈರನ್ನು ನೀಟಾಗಿ ಸುತ್ತಿಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ. ಮುಂದಿನ ಬೇಸಿಗೆಯಲ್ಲಿ ಎರಡನೇ ಸ್ಟ್ರೋಕ್ ಬಂತು, ಆಸ್ಪತ್ರೆಗೆ ಮುಟ್ಟಿಸುವಷ್ಟು ಸಮಯವನ್ನೂ ಕೊಡಲಿಲ್ಲ.

ಅಭಿಮಾನಿಗಳ ಗುಂಪಿಗೆ ನಾನೇ ಸುದ್ದಿ ಬರೆದೆ. ಒಳ್ಳೆಯ ಮಾತುಗಳು ಬಂದವು. ಬೆಕ್ಕಿನ ಚಿತ್ರ ಕಳಿಸುತ್ತಿದ್ದವನು, ಅವರು ನುಡಿಸಿದ್ದು ಏನಾದರೂ ಇದ್ದರೆ ದಯವಿಟ್ಟು ಕೇಳಿಸಿ ಎಂದು ಕೇಳಿಕೊಂಡ. ಏನೂ ಇರಲಿಲ್ಲ. ಮರುವಾರ ಆ ಗುಂಪಿನಲ್ಲಿ ಮತ್ತೆ ಗುಂಡಿಗಳ ಬಗ್ಗೆ ವಾದ ಶುರುವಾಯಿತು. ಅವರನ್ನು ದೂರಿ ಏನು ಪ್ರಯೋಜನ? ಅವರು ಮೇಡಂ ನುಡಿಸಿದ್ದನ್ನು ಕೇಳಿಯೇ ಇರಲಿಲ್ಲ.

ಸಿಂಥಸೈಜರ್ ಈಗ ನಸೀಮಾ ಮನೆಯಲ್ಲಿದೆ. ಆನ್ ಮಾಡಿದರೆ ದೀಪ ಹತ್ತುತ್ತದೆ, ಸದ್ದು ಬರುವುದಿಲ್ಲ. ಸರಿಮಾಡುತ್ತಿದ್ದ ಅವಳ ಅಣ್ಣನೂ ಈಗಿಲ್ಲ.

ಮೊನ್ನೆ ಉದಯಗಿರಿಗೆ ಹೋದೆ. ಚಹಾ ಕುಡಿಯುತ್ತ, ಮೇಡಂ ಕಟ್ಟಿದ ಆ ಹಾಡು ಹೇಗಿತ್ತು ನೆನಪಿದೆಯಾ ಎಂದು ನಸೀಮಾಳನ್ನು ಕೇಳಿದೆ. ಇಬ್ಬರೂ ಗುನುಗಲು ಕೂತೆವು. ಮೊದಲ ಸಾಲು ಇಬ್ಬರ ಬಾಯಲ್ಲೂ ಒಂದೇ ತರಹ ಬಂತು. ಎರಡನೆಯದರಲ್ಲಿ ನಾನು ಮೇಲಕ್ಕೆ ಹೋದೆ, ಅವಳು ಕೆಳಗಿಳಿದಳು.

"ಇಲ್ಲ ಕಣೇ, ಹಿಂಗಿತ್ತು," ಎಂದು ಅವಳು ಮತ್ತೆ ಶುರು ಮಾಡಿದಳು. ನಾನು ನನ್ನದನ್ನು ಮತ್ತೆ ಹೇಳಿದೆ. ಹಾಗೇ ಹೇಳುತ್ತ ಹೇಳುತ್ತ ಮೊದಲ ಸಾಲಿನ ಮೇಲೂ ಅನುಮಾನ ಬಂತು. ಯಾರದು ಸರಿ ಎಂದು ಹೇಳುವವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ.

ನಸೀಮಾ ನನ್ನ ಕೈ ಹಿಡಿದುಕೊಂಡಳು. "ಸಾಕು ಬುಡೇ," ಅಂದಳು. "ಇನ್ನೂ ಗುನುಗಿದ್ರೆ ನೆನಪಿರೋದೂ ಹೋಗ್ಬುಡುತ್ತೆ."