ಮಾವನವರ ತೊಲೆಯಲ್ಲಿ ದುಂಬಿ

ನಾನು ಮದುವೆಯಾಗಿ ಒಂಟಿಕೊಪ್ಪಲಿನ ಮನೆಗೆ ಬಂದ ಮೂರನೆಯ ಬೇಸಿಗೆ ಅದು. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗಿ ಒಂದು ವಾರವಾಗಿತ್ತೇನೋ. ಬೆಳಿಗ್ಗೆ ಜಗಲಿ ಗುಡಿಸಿ, ನೀರು ಚಿಮುಕಿಸಿ ಒಳಗೆ ಹೋದರೆ, ಹಾಲಿನವಳು ಬರುವ ಹೊತ್ತಿಗೆ ಅದೇ ಜಾಗದಲ್ಲಿ ಕಡಲೆಹಿಟ್ಟು ಚೆಲ್ಲಿದ ಹಾಗೆ ಹಳದಿ ಪುಡಿ ಬಿದ್ದಿರುತ್ತಿತ್ತು. ಎರಡು ದಿನ ಸುಮ್ಮನೆ ಮತ್ತೊಮ್ಮೆ ಗುಡಿಸಿದೆ. ಮೂರನೆಯ ದಿನ ಅತ್ತೆ ನೋಡಿ, "ಸರಿಯಾಗಿ ಗುಡಿಸಬಾರ್ದೇನಮ್ಮ?" ಅಂದರು. ಬೇಜಾರಾಗಿ ಕತ್ತೆತ್ತಿ ನೋಡಿದೆ.

ಜಗಲಿಯ ಎರಡು ಕಂಬಗಳ ಮೇಲೆ ಅಡ್ಡಲಾಗಿ ಕೂತಿದ್ದ ದೊಡ್ಡ ತೊಲೆಯ ಅಡಿಯಲ್ಲಿ ಒಂದು ತೂತು. ಬೈರಿಗೆ ಇಟ್ಟು ಕೊರೆದರೂ ಅಷ್ಟು ದುಂಡಗೆ ಬರುವುದಿಲ್ಲ. ನನ್ನ ಕಿರುಬೆರಳು ಸಲೀಸಾಗಿ ಹೋಗುವಷ್ಟು ಅಗಲ. ನೋಡುತ್ತಿದ್ದ ಹಾಗೆಯೇ ಒಂದು ಕರಿದುಂಬಿ ಹಿಂದುಹಿಂದಾಗಿ ಹೊರಗೆ ಬಂದು, ಕಾಲಿನಿಂದ ಒಂದಿಷ್ಟು ಪುಡಿ ತಳ್ಳಿ, ಮತ್ತೆ ಒಳಗೆ ಹೋಯಿತು. ಅದರ ರೆಕ್ಕೆ ಬಿಸಿಲಿಗೆ ನೀಲಿಯಾಗಿ ಮಿನುಗಿತು. ಕಂಬಕ್ಕೆ ಕಿವಿ ಕೊಟ್ಟರೆ ಮರ ಕಡಿಯುವ ಸದ್ದೂ ಸಣ್ಣಗೆ ಕೇಳಿಸುತ್ತಿತ್ತು. ತೊಲೆಯ ಉದ್ದಕ್ಕೂ ಅಂಥ ತೂತು ಐದಿದ್ದವು.

ಆ ತೊಲೆ ನನ್ನ ಮಾವನವರ ಕೈಕೆಲಸ. ಅವರು ಬಡಗಿ. ಅಂಥಿಂಥ ಬಡಗಿಯಲ್ಲ. ನಮ್ಮ ಚರ್ಚಿನ ಬೆಂಚುಗಳು, ಪಾದ್ರಿಗಳು ಕೂತು ಪಾಪನಿವೇದನೆ ಕೇಳುವ ಪೆಟ್ಟಿಗೆ, ಊರಿನ ಎಷ್ಟೋ ದೊಡ್ಡ ಮನೆಗಳ ಬಾಗಿಲು ಅವರು ಮಾಡಿದವು. ತಮ್ಮ ಮನೆ ಕಟ್ಟಿದಾಗ ಜಗಲಿಯ ತೊಲೆಗೆ ಒಳ್ಳೆಯ ಹಲಸಿನ ಮರ ಆರಿಸಿ ತಂದು, ಎರಡೂ ಮುಖದಲ್ಲಿ ದ್ರಾಕ್ಷಿ ಬಳ್ಳಿ ಕೆತ್ತಿದ್ದರು. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಅವರು ಕೆಲಸ ಬಿಟ್ಟಾಗಿತ್ತು. ವಯಸ್ಸಾಯಿತು ಅಂತ ಹೇಳುತ್ತಿದ್ದರು. ನಿಜವಾದ ಕಾರಣ ಕೈ ನಡುಕ. ಮೊದಲು ಬಲಗೈ, ಆಮೇಲೆ ಎಡಗೈ. ಬೇಸಿಗೆಯಲ್ಲೂ ಹೆಗಲ ಮೇಲೊಂದು ಶಾಲು ಹೊದ್ದು ಕೈಗಳನ್ನು ಅದರೊಳಗೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ಅತ್ತೆ ಅವರಿಗೆ ಕಾಫಿಯನ್ನು ಅರ್ಧ ಲೋಟ ಮಾತ್ರ ಹಾಕಿ ಕೊಡುತ್ತಿದ್ದರು. ಆ ಕೈಗಳ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ದುಂಬಿಗಳನ್ನು ಅವರು ನನಗಿಂತ ಮೊದಲೇ ನೋಡಿದ್ದರು. ದಿನವಿಡೀ ಅದರ ಕೆಳಗೇ ಕೂರುವವರು ನೋಡದೆ ಇರುತ್ತಾರೆಯೇ? ಆದರೆ ಬಾಯಿ ಬಿಟ್ಟಿರಲಿಲ್ಲ.

ನನ್ನ ಯಜಮಾನರು ರೈಲ್ವೆಯಲ್ಲಿ ಗುಮಾಸ್ತರು. ಅಪ್ಪನ ಕಸುಬು ಅವರಿಗೆ ಬಂದಿರಲಿಲ್ಲ. ಅವರನ್ನು ಓದಿಸಬೇಕು ಅಂತ ಹಟ ಹಿಡಿದವರು ಮಾವನವರೇ. ಆ ಭಾನುವಾರ ಚರ್ಚಿನಿಂದ ಬಂದವರೇ ಇವರು ಕೋಟು ಬಿಚ್ಚಿ, ಸ್ಟೂಲು ಹತ್ತಿ, ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಐದೂ ತೂತಿಗೆ ತುರುಕಿದರು. ಒಂದು ದುಂಬಿ ಮುಖದ ಮುಂದೆಯೇ ಗುಂಯ್ ಅಂತ ನಿಂತು ಹೆದರಿಸಿತು. ಇವರು ಹಿಂದಕ್ಕೆ ಬಾಗಿ ಸ್ಟೂಲಿನಿಂದ ಬಿದ್ದು ಮೊಣಕೈ ತರಚಿಕೊಂಡರು. ಎರಡು ದಿನ ಜಗಲಿಯೆಲ್ಲ ಸೀಮೆಎಣ್ಣೆ ನಾತ. ಮೂರನೆಯ ದಿನ ನೋಡಿದರೆ ತುರುಕಿದ ಬಟ್ಟೆಯ ಪಕ್ಕದಲ್ಲೇ ಹೊಸ ತೂತು. ದ್ರಾಕ್ಷಿ ಗೊಂಚಲಿನ ಮೇಲೆ ಎಣ್ಣೆ ಇಳಿದು ಕರೆ ಬೇರೆ ಆಗಿತ್ತು.

"ಇದು ನಮ್ಮ ಕೈಲಾಗೋದಲ್ಲ. ಬೋಗಾದಿ ಕಡೆ ಒಬ್ಬ ಆಚಾರಿ ಇದಾನಂತೆ, ಕರೆಸ್ತೀನಿ," ಅಂದರು ಇವರು, ಊಟಕ್ಕೆ ಕೂತಾಗ.

ಮಾವ ತಟ್ಟೆಯ ಮುಂದಿನಿಂದ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅತ್ತೆ ಮಗನ ಕಡೆ ತಿರುಗಿ, "ಅವರು ಕೆತ್ತಿದ ಮರಕ್ಕೆ ಇನ್ನೊಬ್ಬನ ಉಳಿ ತಾಕಿಸ್ತೀಯೇನೋ? ಬುಡು ಆ ಮಾತ," ಅಂದರು. ಇವರು ತಲೆ ತಗ್ಗಿಸಿ ಅನ್ನ ಕಲಸಿದರು. ಅಪ್ಪನನ್ನು ನೋಯಿಸಬೇಕು ಅಂತ ಹೇಳಿದ್ದಲ್ಲ, ಪಾಪ.

ಅದಾಗಿ ನಾಲ್ಕು ದಿನಕ್ಕೆ, ಮಧ್ಯಾಹ್ನ, ಅತ್ತೆ ಪಕ್ಕದ ಬೀದಿಗೆ ಬಾಣಂತಿ ನೋಡಲು ಹೋಗಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಮುಂದುಗಡೆ ಏನೋ ದಪ್ಪನೆ ಬಿದ್ದ ಸದ್ದಾಯಿತು. ಓಡಿ ಬಂದೆ. ಮಾವ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಕಂಬವನ್ನು ಅಪ್ಪಿಕೊಂಡಿದ್ದರು. ಶಾಲು ಇರಲಿಲ್ಲ. ಉಳಿ ಹೊಡೆಯುವ ಕೊಡತಿ ನೆಲದ ಮೇಲೆ ಬಿದ್ದಿತ್ತು. ಇನ್ನೊಂದು ಕೈಯಲ್ಲಿದ್ದ ಉಳಿ ಗಡಗಡ ಅಂತ ತೊಲೆಗೆ ಬಡಿಯುತ್ತಿತ್ತು. ಬಳ್ಳಿಯ ಒಂದು ಎಲೆಯ ಮೇಲೆ ಹೊಸದಾಗಿ ಬಿಳಿ ಗೀರು ಬಿದ್ದಿತ್ತು.

ಸೊಂಟ ಹಿಡಿದು ಇಳಿಸಿದೆ. ಸೊಸೆಯಾಗಿ ಬಂದ ಮೇಲೆ ಅವರನ್ನು ಮುಟ್ಟಿದ್ದು ಅದೇ ಮೊದಲು. ಜಗಲಿಯ ಮೇಲೆ ಕೂತು ಸುಮಾರು ಹೊತ್ತು ಉಸಿರು ತೆಗೆದುಕೊಂಡರು. ನಾನು ಶಾಲು ತಂದು ಕೊಟ್ಟರೆ ಬೇಡ ಅಂದರು. ಎರಡು ಕೈಗಳನ್ನೂ ಮೊಣಕಾಲಿನ ಮೇಲೆ ಹಾಗೇ ಬಿಟ್ಟು, ಅವು ಕುಣಿಯುವುದನ್ನು ತಾವೇ ನೋಡಿದರು.

"ನೋಡಿದ್ಯಲ್ಲ ಮಗ," ಅಂದರು. "ಇದು ಇಂಗೆ."

"ಗೊತ್ತು ಮಾವ."

"ದುಂಬೀದು ತಪ್ಪಲ್ಲ ಕಣಮ್ಮ. ಒಣಗಿದ ಮರ ಕಂಡ್ರೆ ಅದು ಮನೆ ಮಾಡ್ತದೆ. ಪ್ರತಿ ವರ್ಷ ತಪಸ್ಸು ಕಾಲಕ್ಕೆ ಮುಂಚೆ ಈ ತೊಲೆಗೆ ಅಗಸೆಎಣ್ಣೆ ಕುಡಿಸ್ತಿದ್ದೆ. ಎಣ್ಣೆ ಕುಡಿದ ಮರದ ಹತ್ರ ಅದು ಬರಲ್ಲ. ನಾಕು ವರ್ಷ ಆಯ್ತು ಹಚ್ಚಿ. ಹಚ್ಚೋಕೆ ಹೋದ್ರೆ ಅರ್ಧ ನೆಲದ ಮೇಲೆ ಚೆಲ್ತದೆ. ಹಚ್ಚಿಕೊಡು ಅಂತ ಮಗನ್ನ ಕೇಳೋಕೆ ನಾಚಿಕೆ."

ಬಗ್ಗಿ ಕೊಡತಿಯನ್ನು ಎತ್ತಿಕೊಂಡೆ. ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು.

"ನಾನು ಮಾಡ್ತೀನಿ. ನೀವು ಹೇಳಿಕೊಡಿ," ಅಂದೆ.

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಪಾತ್ರೆ ತಿಕ್ಕಿದ ಬೂದಿ ಇನ್ನೂ ಬೆರಳಿಗೆ ಮೆತ್ತಿಕೊಂಡಿತ್ತು. "ತೊಳಕೊಂಡು ಬಾ," ಅಂದರು.

ಇವತ್ತೇ ತೂತು ಮುಚ್ಚಿಬಿಡುತ್ತೇವೆ ಅಂತ ನಾನು ತಿಳಿದಿದ್ದೆ. ಅದಕ್ಕೆ ಅವರು ಒಪ್ಪಲಿಲ್ಲ. "ಈಗ ಮುಚ್ಚಿಬುಟ್ರೆ ಒಳಗಿರೋದು ಇನ್ನೊಂದು ಕಡೆಯಿಂದ ಕೊರ್ಕೊಂಡು ಬರ್ತದೆ, ನಿನ್ನ ಗಂಡ ಬಟ್ಟೆ ತುರುಕಿದಾಗ ಆದ ಹಂಗೆ." ತೂತು ಒಂದು ಅಂಗುಲ ಮೇಲಕ್ಕೆ ಹೋಗಿ, ಅಲ್ಲಿಂದ ಮರದ ಎಳೆ ಹಿಡಿದು ಪಕ್ಕಕ್ಕೆ ತಿರುಗುತ್ತದೆ, ಅಲ್ಲಿ ಮರದ ಪುಡಿಯಲ್ಲೇ ಅಡ್ಡಗೋಡೆ ಕಟ್ಟಿ ಕೋಣೆ ಮಾಡುತ್ತದೆ, ಒಂದೊಂದು ಕೋಣೆಯಲ್ಲಿ ಹೂವಿನ ಪುಡಿಯ ಉಂಡೆ, ಅದರ ಮೇಲೆ ಒಂದು ಮೊಟ್ಟೆ ಅಂತ ಹೇಳಿದರು. ಹಳೆಯ ಮರ ಸೀಳುವಾಗ ಎಷ್ಟೋ ಸಲ ಕಂಡಿದ್ದರಂತೆ. "ಮರಿಗಳು ದೊಡ್ಡವಾಗಿ ಹೊರಟೋಗ್ಲಿ. ಅಲ್ಲೀವರ್ಗೂ ತೂತಿಗೆ ಹೊಡೆಯೋ ಬೆಣೆ ಮಾಡೋದು ಕಲಿ. ಇನ್ನೊಂದ್ ವಿಷಯ. ಮುಖದ ಮುಂದೆ ನಿಂತು ಹೆದರಿಸೋದು ಗಂಡು, ಅದಕ್ಕೆ ಮುಳ್ಳಿಲ್ಲ. ಹೆಣ್ಣನ್ನ ಕೈಯಲ್ಲಿ ಹಿಡಿಯೋಕೆ ಮಾತ್ರ ಹೋಗಬೇಡ."

ತೂತುಗಳಿಗೆ ತುರುಕಿದ್ದ ಬಟ್ಟೆಯನ್ನೆಲ್ಲ ಅವತ್ತೇ ನನ್ನ ಕೈಲಿ ತೆಗೆಸಿದರು. ಮಾರನೆಯ ದಿನದಿಂದ ಹಿತ್ತಲಿನಲ್ಲಿ ನನ್ನ ಪಾಠ ಶುರುವಾಯಿತು. ಹಲಸಿನ ತುಂಡನ್ನು ಎಳೆ ನೋಡಿ ಸೀಳಬೇಕು, ಉಳಿಯಿಂದ ಸುತ್ತಲೂ ಕೆರೆದು ಗುಂಡಗೆ ಮಾಡಬೇಕು, ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟೇ ಸಣ್ಣಗಿರಬೇಕು. ನಾನು ಮಾಡಿದ ಮೊದಲ ಹತ್ತು ಹದಿನೈದು ಬೆಣೆ ಒಲೆಗೆ ಹೋದವು. ಎಡಗೈ ಹೆಬ್ಬೆರಳಿಗೆ ಉಳಿ ತಾಕಿ ಅರಿಶಿನ ಮೆತ್ತಿಕೊಂಡೆ.

ಅದನ್ನು ನೋಡಿದ ಅತ್ತೆ ಸಿಟ್ಟಾದರು. "ಮನೆ ಸೊಸೆ ಉಳಿ ಹಿಡಿಯೋದೇನ್ರೀ? ಬೀದಿಯವರು ಏನಂದಾರು?"

"ಬೀದಿಯವರ ತೊಲೆಗೆ ತೂತು ಬಿದ್ದಿಲ್ವಲ್ಲ," ಅಂದರು ಮಾವ. "ನನ್ನ ಕೈಲಿ ಆಗಲ್ಲ ಕಣೆ," ಅಂತ ಮೆತ್ತಗೆ ಸೇರಿಸಿದರು.

ಅಷ್ಟು ವರ್ಷದಲ್ಲಿ ಅವರು ಆ ಮಾತನ್ನು ಹೆಂಡತಿಗೆ ಬಾಯಿಬಿಟ್ಟು ಹೇಳಿದ್ದು ಅವತ್ತೇ ಇರಬೇಕು. ಅತ್ತೆ ಒಳಗೆ ಹೋದರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಒಂದು ಹಳೆಯ ಸೀರೆ ಇತ್ತು. "ಎಣ್ಣೆ ಒರೆಸೋಕೆ ಬಟ್ಟೆ ಬೇಕಾಗ್ತದಲ್ಲ," ಅಂತ ಹರಿಯಲು ಕೂತರು. ಅವತ್ತಿನಿಂದ ಸಂಜೆಯ ಅಡುಗೆ ಅವರದಾಯಿತು.

ಬೇಲಿಯ ಹತ್ತಿರ ಒಂದು ನುಗ್ಗೆಮರ ಗಾಳಿಗೆ ಬಿದ್ದು ಒಣಗಿತ್ತು. ಅದರ ಒಂದು ಮೊಳದ ಎರಡು ತುಂಡನ್ನು ನನ್ನ ಯಜಮಾನರ ಕೈಲಿ ಕಡಿಸಿ, ಬಿಸಿಲು ಬೀಳುವ ಕಡೆ ಹಿತ್ತಲ ಗೋಡೆಗೆ ಕಟ್ಟಿಸಿದರು ಮಾವ. "ದುಂಬಿಗೂ ಒಂದು ಜಾಗ ಬೇಕಲ್ಲಪ್ಪ," ಅಂದರು. ಇವರಿಗೂ ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿದ್ದು ಸಮಾಧಾನವಾಯಿತು ಅಂತ ಕಾಣುತ್ತದೆ. ದಿನಾ ಆಫೀಸಿಗೆ ಹೊರಡುವ ಮುಂಚೆ ಒಮ್ಮೆ ಹೋಗಿ ಆ ತುಂಡುಗಳನ್ನು ನೋಡಿ ಬರುತ್ತಿದ್ದರು.

ಮುಂಗಾರು ಇನ್ನೂ ಗಟ್ಟಿಯಾಗಿ ಹಿಡಿದಿರಲಿಲ್ಲ. ಒಂದು ವಾರ ಪೂರ್ತಿ ತೂತುಗಳಿಂದ ಹೊಸ ದುಂಬಿಗಳು ಒಂದೊಂದಾಗಿ ಹೊರಟವು. ತೂತಿನ ಬಾಯಲ್ಲಿ ಸ್ವಲ್ಪ ಹೊತ್ತು ತಡೆದು ಹಾರುತ್ತಿದ್ದವು. ಮಾವ ಕೂತಲ್ಲಿಂದಲೇ ಕಾವಲಿದ್ದರು. ಐದು ದಿನ ಒಂದೂ ಬರಲಿಲ್ಲ, ಹೋಗಲಿಲ್ಲ ಅಂತ ಖಾತ್ರಿಯಾದ ಮೇಲೆ, "ಹತ್ತಮ್ಮ ಇನ್ನು," ಅಂದರು.

ಸ್ಟೂಲಿನ ಎರಡು ಕಾಲನ್ನು ಅತ್ತೆ ಹಿಡಿದುಕೊಂಡರು. ನಾನು ಕಡ್ಡಿ ಹಾಕಿ ಒಳಗಿನ ಪುಡಿಯನ್ನೆಲ್ಲ ಕೆದಕಿ ತೆಗೆದೆ. ಬೇವಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಸುರುಳಿಯನ್ನು ತೂತಿನೊಳಗೆ ತಳ್ಳಿದೆ. ಮೇಲೆ ಬೆಣೆ ಇಟ್ಟು ಕೊಡತಿಯಿಂದ ಹೊಡೆದೆ. ಮಾವ ಕೆಳಗೆ ನಿಂತು ಸದ್ದು ಕೇಳುತ್ತಿದ್ದರು. "ಇನ್ನೂ ಟೊಳ್ಳು ಅನ್ನಿಸ್ತಿದೆ, ಹೊಡಿ. ಇನ್ನೊಂದು. ಹಾಂ, ಸಾಕು, ಮರ ಬಿರಿದೀತು." ಹೊರಗೆ ಉಳಿದ ತುದಿಯನ್ನು ಗರಗಸದಿಂದ ಕುಯ್ದು ಸಮ ಮಾಡಿದೆ. ಆರು ಬೆಣೆ ಹಾಕುವುದರಲ್ಲಿ ಇಡೀ ದಿನ ಹೋಯಿತು, ನನ್ನ ಹೆಗಲೂ ಹೋಯಿತು. ಮೂರನೆಯ ಬೆಣೆಯನ್ನು ನೋಡಿ ಅವರು, "ವಸಿ ಎಡಕ್ಕೆ ವಾಲಿದೆ. ಇರಲಿ ಬುಡು," ಅಂದರು. ಅದೇ ದೊಡ್ಡ ಹೊಗಳಿಕೆ. ಉಳಿ ಗೀರಿದ್ದ ಎಲೆಯನ್ನು ಸರಿ ಮಾಡಲೇ ಅಂತ ಕೇಳಿದ್ದಕ್ಕೆ, "ಅದು ನಂದು, ಇರಲಿ," ಅಂದರು.

ಮುಂದಿನ ಎರಡು ದಿನ ಅಗಸೆಎಣ್ಣೆಯನ್ನು ಬೆಚ್ಚಗೆ ಕಾಯಿಸಿ ತೊಲೆಗೂ ಕಂಬಗಳಿಗೂ ಮೂರು ಸಲ ಹಚ್ಚಿದೆವು. ಸೀಮೆಎಣ್ಣೆಯ ಕರೆ ಪೂರ್ತಿ ಹೋಗಲಿಲ್ಲ. ಬಳ್ಳಿ ಮಾತ್ರ ಮತ್ತೆ ಜೇನಿನ ಬಣ್ಣಕ್ಕೆ ತಿರುಗಿತು.

ಮರುವರ್ಷ ತಪಸ್ಸು ಕಾಲಕ್ಕೆ ಒಂದೆರಡು ದುಂಬಿ ಜಗಲಿಯಲ್ಲಿ ಸುಳಿದಾಡಿ, ತೊಲೆಯನ್ನು ಮೂಸಿದ ಹಾಗೆ ಮಾಡಿ, ಹಿತ್ತಲ ಕಡೆ ಹೋದವು. ನುಗ್ಗೆಯ ತುಂಡಿನಲ್ಲಿ ಮೂರು ತೂತು ಬಿದ್ದಿದೆ ಅಂತ ಮೊದಲು ಕಂಡವರು ನನ್ನ ಯಜಮಾನರು. ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು.

ಆ ಬೇಸಿಗೆಯಲ್ಲೇ ಎದುರುಮನೆಯ ಅಜ್ಜಿ ನಮ್ಮ ಮನೆಗೆ ಬಂದರು. ಅವರ ಮನೆಯ ಬಾಗಿಲುವಾಡಕ್ಕೂ ದುಂಬಿ ಬಿದ್ದಿತ್ತು. "ನೀವು ಕೆಲಸ ಬಿಟ್ಟಿದೀರಿ ಅಂತ ಗೊತ್ತು. ಯಾರನ್ನಾದ್ರೂ ನೋಡಿ ಕಳಿಸಿಕೊಡ್ತೀರಾ?" ಅಂತ ಮಾವನನ್ನು ಕೇಳಿದರು.

ಮಾವ ಒಳಗೆ ತಿರುಗಿ ನನ್ನನ್ನು ಕೂಗಿದರು. ನಾನು ಸೆರಗು ಸರಿಮಾಡಿಕೊಂಡು ಬಂದೆ.

"ಇವಳು ಬರ್ತಾಳೆ," ಅಂದರು. "ಆದ್ರೆ ಈಗಲ್ಲ ಕಣ್ರಮ್ಮ, ಮಳೆ ಶುರುವಾಗ್ಲಿ. ಒಳಗೆ ಮರಿ ಇದಾವೆ."

ಅಜ್ಜಿ ನನ್ನನ್ನು ಒಂದು ಸಲ, ಮಾವನನ್ನು ಒಂದು ಸಲ ನೋಡಿದರು. ಆಮೇಲೆ, "ಆಗಲಿ, ಕಾಯ್ತೀನಿ," ಅಂದು ಜಗಲಿಯ ಮೇಲೆ ಕೂತು ಪಕ್ಕದ ಬೀದಿಯ ಸುದ್ದಿ ಕೇಳತೊಡಗಿದರು.