ಮೀಸೆ ಬಾರದ ಗಂಡುಹಕ್ಕಿ

ಹನುಮಕ್ಕ, ನೀನು ಕಂಡುಹಿಡಿದದ್ದನ್ನು ನಾನೇ ಕಂಡುಹಿಡಿದೆನೆಂದು ಬರೆದು ಅಚ್ಚು ಹಾಕಿಸಿದೆ. ನೀನು ಕೇಳಿದಾಗ ಸುಳ್ಳು ಹೇಳಿದೆ. ಎಂಟು ವರ್ಷವಾಯಿತು — ಇನ್ನು ನನ್ನಿಂದಾಗದು.

ಅಬ್ಬಾ, ಆ ದಿನ! ಕಾನಹೊಸಹಳ್ಳಿಯಾಚೆ, ಗುಡ್ಡದ ಬುಡದಲ್ಲಿ ನಿನ್ನ ಜೋಳದ ಹೊಲ. ನೀನು ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದೆ. ನಿಮ್ಮೂರ ಶಾಲೆಯ ಟೀಚರಾದ ನಾನು ಹೊಸ ದುರ್ಬೀನು ಕೊರಳಿಗೆ ಹಾಕಿಕೊಂಡು ಮೆರೆಯುತ್ತಿದ್ದೆ. ತೆನೆಯ ಮೇಲೆ ರೋಸ್‌ಫಿಂಚ್! ಹಿಮಾಲಯದ ಕಾಡಿನ ಹಕ್ಕಿ, ಚಳಿಗಾಲ ಕಳೆಯಲು ನಮ್ಮ ಬಯಲಿಗೆ ಬಂದಿತ್ತು! ತಲೆ, ಎದೆಗೆಲ್ಲ ಕುಂಕುಮ ಮೆತ್ತಿದಂಥ ಕೆಂಪು. ದಪ್ಪ ಕೊಕ್ಕಿನಲ್ಲಿ ಕಾಳು ಒಡೆಯುತ್ತಿತ್ತು. ನಾನು ಕುಣಿದೇಬಿಟ್ಟೆ. ಪಕ್ಕದಲ್ಲಿ ನಾಲ್ಕು ಕಂದು ಹಕ್ಕಿಗಳು — ಇವೆಲ್ಲ ಹೆಣ್ಣು ಎಂದೆ. ಅಷ್ಟರಲ್ಲಿ ಅವುಗಳಲ್ಲೊಂದು ಬೇಲಿಗೆ ಹಾರಿ ಸಿಳ್ಳೆ ಹಾಕಿತು.

"ಟೀಚರ್ರೀ, ಅದು ಗಂಡೈತ್ರಿ! ಕೆಂಪಂದೂ ಹಿಂಗಾ ಸಿಳ್ಳಿ ಹೊಡಿತೈತಿ. ಇದು ಸಣ್ಣ ಹುಡುಗ, ಇನ್ನಾ ಮೀಸಿ ಬಂದಿಲ್ಲ ಅಷ್ಟ!"

"ಹಕ್ಕಿ ಓಡ್ಸಾಕಿಗೆ ಏನ್ ಗೊತ್ತಾಕ್ಕೈತಿ ಬಿಡು" ಎಂದೆ, ಪಕ್ಕದ ಹೊಲದವರೆಲ್ಲ ಕೇಳುವಂತೆ. ಅವರು ನಕ್ಕರು. ನೀನೂ ನಕ್ಕೆ.

ಮನೆಗೆ ಬಂದು ಪುಸ್ತಕ ತೆರೆದರೆ — ಎಳೆಯ ಗಂಡಿಗೆ ಮೊದಲ ವರ್ಷ ಕೆಂಪು ಬರುವುದಿಲ್ಲ, ಹೆಣ್ಣಿನ ಹಾಗೇ ಕಂದು, ಆದರೂ ಹಾಡುತ್ತದೆ! ಮೈ ಜುಮ್ಮೆಂದಿತು. ಆಗಲೇ ನಿನ್ನ ಹೊಲಕ್ಕೆ ಓಡಬೇಕಿತ್ತು. ಓಡಲಿಲ್ಲ — ಹಕ್ಕಿಪ್ರಿಯರ ಪತ್ರಿಕೆಗೆ ಬರೆಯಲು ಕೂತೆ. "ನಾನು ಗಮನಿಸಿದಂತೆ" ಎಂದೇ ಶುರು. ಅದು ಅಚ್ಚಾದ ಮೇಲೆ ಪತ್ರಿಕೆಯವರು ಕೊಟ್ಟೂರಿಗೆ ಕರೆದು ಶಾಲು ಹೊದಿಸಿದರು. ನಾಚಿಕೆಗೆಟ್ಟು ಹೊದಿಸಿಕೊಂಡೆ.

ಸುದ್ದಿ ಕೇಳಿ ಮರುದಿನ ನೀನು ಸೆರಗಿನಲ್ಲಿ ಸುಟ್ಟ ಎಳೆಜೋಳದ ಸೀತನಿ ಕಟ್ಟಿಕೊಂಡು ಶಾಲೆಗೆ ಬಂದೆ. "ಬುಕ್ಕಿನ್ಯಾಗ ನನ್ ಹೆಸರೂ ಹಾಕೀರೇನ್ರಿ?"

"ಹೂಂ, ಹಾಕೀನಿ."

ಎರಡೇ ಮಾತು. ನೀನು ನನ್ನ ಬರಹ ಅಚ್ಚಾದ ಹಾಳೆ ಇಸಕೊಂಡು ಹೋಗಿ ಗಂಜಿ ಹಚ್ಚಿ ಗೋಡೆಗೆ ಅಂಟಿಸಿದೆ. ಬಂದವರಿಗೆಲ್ಲ ತೋರಿಸಿದೆ — ನಾನು ನಿನ್ನ ಓಣಿಗೆ ಕಾಲಿಡುವುದನ್ನೇ ಬಿಟ್ಟೆ.

ಹೋದ ವಾರ ದಾರಿಯಲ್ಲಿ ಸಿಕ್ಕ ನನ್ನನ್ನು ನೀನೇ ಕೈಹಿಡಿದು ನಿನ್ನ ಮನೆಯೊಳಗೆ ಕರೆದೊಯ್ದೆಯಲ್ಲ. ಎರಡನೇ ತರಗತಿಯ ನಿನ್ನ ಮೊಮ್ಮಗಳು ಗಂಗಿ ಅಲ್ಲೇ ಇದ್ದಳು, ನಾನೇ ಅಕ್ಷರ ಕಲಿಸಿದ ಹುಡುಗಿ. "ನನ್ ಹೆಸರು ಎಲ್ಲೈತಿ, ಬೆರಳಿಟ್ಟು ತೋರ್ಸವ್ವ" ಎಂದೆ ನೀನು. ಅವಳು ಸಾಲು ಸಾಲಾಗಿ ಹುಡುಕಿದಳು. ಮತ್ತೆ ಮೊದಲಿನಿಂದ ಹುಡುಕಿದಳು. ನನ್ನ ಮುಖ ನೋಡಿದಳು. ಆಮೇಲೆ ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೈತಿ ನೋಡಜ್ಜಿ" ಎಂದಳು.

ನೀನು ಅದನ್ನು ಸವರಿ ಎಷ್ಟು ಹಿಗ್ಗಿದೆ, ಹನುಮಕ್ಕ! ಗಂಗಿ ತಲೆ ಎತ್ತಲಿಲ್ಲ.

ಇದನ್ನು ನೀನು ಓದಲಾರೆ. ನಾಳೆ ನಾನೇ ಬಂದು ಓದಿ ಹೇಳುತ್ತೇನೆ, ಗಂಗಿಯ ಎದುರಿಗೇ.