ಎದುರು ಸಾಲಿನ ಜಪ

ಆಗೆಲ್ಲ ಮೇ ತಿಂಗಳು ಬಂತೆಂದರೆ ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಬೀದಿಯ ಮಕ್ಕಳು ಸಂಜೆ ಕುಂಟೆಬಿಲ್ಲೆಯನ್ನು ಅರ್ಧಕ್ಕೇ ಬಿಟ್ಟು ಕೈಕಾಲು ತೊಳೆಯಬೇಕಿತ್ತು. ಕ್ರೈಸ್ತರಾದ ನಮಗೆ ಅದು ಮಾತೆ ಮರಿಯಳ ತಿಂಗಳು. ದಿನಕ್ಕೊಂದು ಮನೆಯಲ್ಲಿ ಮಣಿ ಎಣಿಸುತ್ತಾ ಹೇಳುವ ಜಪಸರ. ಒಂದು ಗುಂಪು ಜಪದ ಮೊದಲರ್ಧ ಹೇಳಿದರೆ ಇನ್ನೊಂದು ಗುಂಪು ಉಳಿದರ್ಧ ಹೇಳಿ ಮುಗಿಸುತ್ತಿತ್ತು. ನಮ್ಮ ಗಮನವೆಲ್ಲ ಕೊನೆಗೆ ಹಂಚುವ ಕಡಲೆಕಾಳು ಉಸ್ಲಿಯ ಮೇಲೆ. ರೇಷ್ಮೆಗೂಡು ಬೇಯಿಸುವ ವಾಸನೆ ಬೀದಿಗೆಲ್ಲ ಅಡರಿದ್ದರೂ ಆ ಒಗ್ಗರಣೆಯ ಘಮ ಮೂಗಿಗೆ ಸಿಗದೆ ಇರುತ್ತಿರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕೊರೊನಾ ಎರಡನೇ ಸಲ ಬಂತು. ಚರ್ಚು ಮುಚ್ಚಿತು. ಅಪ್ಪ ನೂಲು ತೆಗೆಯಲು ಹೋಗುತ್ತಿದ್ದ ರೇಷ್ಮೆ ಶೆಡ್ಡೂ ನಿಂತಿತು. ಅದೇ ಮೇ ತಿಂಗಳಲ್ಲಿ ಅಮ್ಮನಿಗೆ ಜ್ವರ ಬಂತು. ಉಸಿರಾಟ ಕಷ್ಟವಾದಾಗ ಆಂಬುಲೆನ್ಸ್ ಕರೆಸಿದರು. ಹತ್ತುವ ಮುಂಚೆ ಅಮ್ಮ ತಿರುಗಿ, "ದೋಸೆಗೆ ಅಕ್ಕಿ ನೆನೆಹಾಕಿದೀನಿ. ರುಬ್ಬಿಡು ಮಗಳೇ" ಅಂದಳು. ರುಬ್ಬಿದೆ. ತಿನ್ನುವವರಿರಲಿಲ್ಲ.

ಅಪ್ಪ ದಿನವೂ ಗಂಜಿ ತೆಗೆದುಕೊಂಡು ದೇವನಹಳ್ಳಿಯ ಆಸ್ಪತ್ರೆಗೆ ಹೋಗುತ್ತಿದ್ದ. ಗೇಟಿನಿಂದ ಒಳಗೆ ಬಿಡುತ್ತಿರಲಿಲ್ಲ. ಕೆಲವು ದಿನ ಡಬ್ಬಿ ತುಂಬಿದ ಹಾಗೆಯೇ ವಾಪಸು ಬರುತ್ತಿತ್ತು. ಯಾರೋ ನರ್ಸು ಅಮ್ಮನ ಕಿವಿಗೆ ಫೋನ್ ಹಿಡಿದರೆ ನಮಗೆ ಯಂತ್ರದ ಸದ್ದಷ್ಟೇ ಕೇಳಿಸುತ್ತಿತ್ತು. ಮಾಡಲು ಏನೂ ತೋಚದೆ ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುತ್ತಿದ್ದೆ.

ಎದುರು ಮನೆಯ ಲೂರ್ದಮ್ಮಜ್ಜಿ ಒಂದು ಸಂಜೆ ತನ್ನ ಹೊಸ್ತಿಲಲ್ಲೇ ನಿಂತು ಕೂಗಿ ಹೇಳಿದಳು: "ಮನೆ ಒಳಗೆ ಬರೋ ಹಂಗಿಲ್ಲ. ಅವರವರ ಬಾಗ್ಲಲ್ಲೇ ನಿಂತ್ಕಂಡು ಜಪ ಹೇಳೋಣ. ನಿಮ್ಮ ಸಾಲು ಶುರು ಮಾಡ್ಲಿ, ನಮ್ಮ ಸಾಲು ಮುಗಿಸ್ತೀವಿ."

ಅಂದಿನಿಂದ ಇಡೀ ಬೀದಿ ಅಮ್ಮನಿಗಾಗಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಜಪ ಬಾರದ ಪಕ್ಕದ ಮನೆಯ ನರಸಮ್ಮತ್ತೆಯೂ ಸೆರಗು ಹೊದ್ದು ಕೈಮುಗಿದು ನಿಲ್ಲುತ್ತಿದ್ದಳು. ನಮ್ಮ ಸಾಲಿನಲ್ಲಿ ಮೊದಲು ದನಿ ಎತ್ತುವುದು ನನ್ನ ಪಾಲಿಗೆ ಬಂತು. ಆಸ್ಪತ್ರೆಯಿಂದ ಬಂದು ಮಲಗಿದ ಅಪ್ಪ ಮಂಚ ಬಿಟ್ಟು ಏಳುತ್ತಿರಲಿಲ್ಲ. ಕರೆದರೆ, "ನಂಗೆ ಬಾಯಿ ಬರ್ತಿಲ್ಲ ಮಗಳೇ. ನೀನು ಹೇಳು" ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಅಮ್ಮನನ್ನು ಮನೆಗೆ ತರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೇರ ಸಮಾಧಿಭೂಮಿಗೆ ಒಯ್ದರು. ಅಲ್ಲಿಗೆ ಹೋದವರು ಅಪ್ಪ ಮತ್ತು ಚರ್ಚಿನ ಫಾದರ್ ಮಾತ್ರ. ಮಕ್ಕಳು ಬೇಡ ಅಂದರು. ನಾನು ಹೊಸ್ತಿಲಲ್ಲಿ ಕೂತಿದ್ದೆ. ಲೂರ್ದಮ್ಮಜ್ಜಿ ಬೀದಿಯ ನಡುವಿನತನಕ ಓಡಿಬಂದು ಗಕ್ಕನೆ ನಿಂತಳು.

"ತಬ್ಕೊಳಕ್ಕೂ ಆಗ್ತಿಲ್ವಲ್ಲ ಮಗಳೇ" ಅಂದು ಬಿಸಿಲಲ್ಲೇ ನಿಂತು ಅತ್ತಳು.

ಸಂಜೆ ಎಂದಿನಂತೆ ಬಾಗಿಲುಗಳು ತೆರೆದವು. ಎಲ್ಲರೂ ನನ್ನ ಕಡೆ ನೋಡಿದರು. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಆಮೇಲೆ ಎದುರು ಸಾಲಿನವರೇ ನಮ್ಮ ಅರ್ಧವನ್ನೂ ಶುರು ಮಾಡಿದರು. ತಮ್ಮ ಅರ್ಧವನ್ನೂ ತಾವೇ ಹೇಳಿದರು. ಒಂದೊಂದು ಮಣಿಗೂ ಹಾಗೆಯೇ. ಮಣ್ಣು ಮಾಡಿ ಬಂದು ಹಿತ್ತಲಲ್ಲಿ ನೀರು ಹುಯ್ದುಕೊಂಡ ಅಪ್ಪ ಒದ್ದೆ ತಲೆಯಲ್ಲೇ ಬಂದು ನನ್ನ ಬೆನ್ನ ಹಿಂದೆ ನಿಂತ. ಸರ ಮುಗಿಯುವ ಹೊತ್ತಿಗೆ ಅವನ ಒಡಕು ದನಿ ಅವರೊಂದಿಗೆ ಸೇರಿತು. ನಾನು ಕೇಳುತ್ತಾ ನಿಂತೆ, ಅಷ್ಟೆ.

ದೇವರು ನಮ್ಮ ಮೊರೆ ಕೇಳಿದ ಅನ್ನಲಾರೆ. ಬೀದಿಗೆ ಬೀದಿಯೇ ಬೇಡಿಕೊಂಡರೂ ಅಮ್ಮ ಬರಲಿಲ್ಲ. ಆದರೆ ಅಂದು ಆ ದನಿಗಳು ಇಲ್ಲದಿದ್ದರೆ ನಾನೂ ಅಪ್ಪನೂ ಮನೆಯೊಳಕ್ಕೆ ಹೇಗೆ ಕಾಲಿಡುತ್ತಿದ್ದೆವೋ ತಿಳಿಯದು.

ಮರುವರ್ಷ ನಾವು ದೇವನಹಳ್ಳಿಗೆ ಬಾಡಿಗೆ ಮನೆ ಹಿಡಿದು ಬಂದೆವು. ಲೂರ್ದಮ್ಮಜ್ಜಿ ತೀರಿಕೊಂಡಳು. ಅವಳ ಸಾಲಿನ ಹೆಂಚಿನ ಮನೆಗಳನ್ನು ಕೆಡವಿ ಮಹಡಿ ಎಬ್ಬಿಸಿದ್ದಾರೆ. ಈಗ ಮೇ ತಿಂಗಳ ಸಂಜೆಗಳಲ್ಲಿ ಅಪ್ಪ ತಪ್ಪದೆ ಜಪಕ್ಕೆ ಕೂರುತ್ತಾನೆ. ಅವನು ಶುರು ಮಾಡುತ್ತಾನೆ, ನಾನು ಮುಗಿಸುತ್ತೇನೆ. ಇಬ್ಬರಲ್ಲಿ ಒಬ್ಬರು ಹೇಳಲಾಗದೆ ಬಿಟ್ಟರೆ ಜಪ ಅಲ್ಲಿಗೇ ನಿಂತುಬಿಡುತ್ತದೆ. ಎತ್ತಿಕೊಳ್ಳಲು ಎದುರು ಸಾಲಿಲ್ಲ.